ನಾವು ಕೊಟ್ಟ ಟೈರು



ಈ ಸಲ ನಮ್ಮ ಯುವಕ ಸಂಘದಿಂದ ಒಂದು ತಪ್ಪೊಪ್ಪಿಗೆ. ಗುರುಗಳ ಬಳಿ ಹೇಳಿಕೊಂಡದ್ದಾಗಿದೆ. ಆದರೆ ನಾವು ಮಾಡಿದ ತಪ್ಪು ಬೈಕ್ ಇರುವ ಯಾವ ಮನೆಯಲ್ಲಾದರೂ ಆಗಬಹುದು. ಬರೆದು ಹಾಕಿದರೆ ಒಬ್ಬರಿಗಾದರೂ ಉಪಕಾರವಾದೀತು ಎಂದು ಎಲ್ಲರೂ ಕೂತು ತೀರ್ಮಾನಿಸಿದೆವು. ಇದರಲ್ಲಿ ಬರುವ ಅಣ್ಣ ತಂಗಿ ಇಬ್ಬರ ಒಪ್ಪಿಗೆಯನ್ನೂ ಪಡೆದಿದ್ದೇವೆ. ಹೆಸರು ಮಾತ್ರ ಬೇಡ ಎಂದಿದ್ದಾರೆ.

ನಮ್ಮ ಸಂಘದ ಒಬ್ಬ ಹುಡುಗ ಸತ್ಯಮಂಗಲದ ಜವಳಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾನೆ. ಸೋಮವಾರ ಬೆಳಿಗ್ಗೆ ತಾಳವಾಡಿಯಿಂದ ಹೊರಟರೆ ವಾರವೆಲ್ಲ ಅಲ್ಲೇ ಇದ್ದು, ಶನಿವಾರ ಸಂಜೆ ಊರಿಗೆ ಬರುತ್ತಾನೆ. ಭಾನುವಾರದ ಪೂಜೆಗೆ ತಬಲ ಅವನದೇ. ದಾರಿ ಗೊತ್ತಿಲ್ಲದವರಿಗಾಗಿ ಹೇಳುತ್ತೇವೆ: ಹಾಸನೂರು ದಾಟಿ ದಿಂಬಂ ತಲುಪಿದ ಮೇಲೆ, ಕೆಳಗೆ ಬಣ್ಣಾರಿ ಸೇರುವಷ್ಟರಲ್ಲಿ 27 ಹೇರ್‌ಪಿನ್ ತಿರುವುಗಳು. ಸುತ್ತ ಹುಲಿ ಕಾಡು. ಕಬ್ಬಿನ ಲಾರಿ ನೋಡಿದರೆ ಆನೆ ರಸ್ತೆಗೆ ಬಂದು ನಿಲ್ಲುತ್ತದೆ. ಒಂದೊಂದು ತಿರುವಿನಲ್ಲಿ ಲಾರಿ ಇಡೀ ರಸ್ತೆಯನ್ನೇ ತೆಗೆದುಕೊಳ್ಳುತ್ತದೆ, ಬೈಕಿನವನು ಅಂಚಿಗೆ ಸರಿದು ಕಾಯಬೇಕು.

ಅವನ ಬಳಿ ಇರುವುದು 200 ಸಿಸಿಯ ಹಳೆಯ ಬೈಕು. ತಿರುಪ್ಪೂರಿನಲ್ಲಿರುವ ಅವನ ಮಾವ ಓಡಿಸಿ ಓಡಿಸಿ ಇವನಿಗೆ ಕೊಟ್ಟದ್ದು. ಜವಳಿ ಅಂಗಡಿಯ ಸಂಬಳಕ್ಕೆ ಇಷ್ಟು ದೊಡ್ಡ ಗಾಡಿ ಯಾಕೋ ಎಂದು ನಾವು ರೇಗಿಸುತ್ತಿದ್ದೆವು. ಕಳೆದ ತಪಸ್ಸು ಕಾಲದಲ್ಲಿ ಒಂದು ಭಾನುವಾರ ಚರ್ಚಿನ ಅಂಗಳದಲ್ಲಿ ನೋಡಿದರೆ ಅದರ ಹಿಂದಿನ ಟೈರು ಬೋಳು ತಲೆಯ ಹಾಗೆ ನುಣ್ಣಗಾಗಿತ್ತು. ನಡುವಿನ ಗೆರೆಗಳೇ ಇಲ್ಲ. "ಬದಲಾಯಿಸೋ" ಎಂದರೆ "ಮುಂದಿನ ತಿಂಗಳು" ಎನ್ನುತ್ತಾನೆ. ತಂಗಿಯ ಕಾಲೇಜು ಫೀಸು ಕಟ್ಟಬೇಕಿತ್ತು ಎಂಬುದು ನಮಗೆಲ್ಲ ಗೊತ್ತು.

ಆ ವರ್ಷದ ತಪಸ್ಸು ಕಾಲಕ್ಕೆ ಸಂಘದಿಂದ ಏನಾದರೂ ದಾನದ ಕೆಲಸ ಮಾಡಿ ಎಂದು ಫಾದರ್ ಹೇಳಿದ್ದರು. ನಮಗೆ ಇದೇ ಸಿಕ್ಕಿತು. ಅರಿಸಿನ ಕೀಳುವ ಕಾಲ. ಎರಡು ಶನಿವಾರ ನಾವು ಒಂಬತ್ತು ಜನ ಹೊಲಕ್ಕೆ ಕೂಲಿಗೆ ಹೋದೆವು. ಕೈ ಉಗುರೆಲ್ಲ ಹಳದಿ. ಬಂದ ಹಣವನ್ನು ಒಟ್ಟು ಮಾಡಿ, ಅವನಿಗೆ ಹೇಳದೆ, ಇಬ್ಬರು ಸತ್ಯಮಂಗಲಕ್ಕೆ ಹೋಗಿ ಟೈರು ತಂದರು. ಗರಿಗಳ ಭಾನುವಾರದ ಹಿಂದಿನ ದಿನ ಅವನ ಮನೆ ಮುಂದೆ ನಿಂತು ಕೂಗಿದೆವು. ಟೈರಿಗೆ ಚೆಂಡುಹೂವಿನ ಹಾರ ಹಾಕಿದ್ದೆವು. ಫೋಟೊ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿದೆವು. ಫೋಟೊದಲ್ಲಿ ಅವನು ಟೈರು ಹಿಡಿದುಕೊಂಡು ನಗುತ್ತಿದ್ದಾನೆ. ನಾವೆಲ್ಲ ಅವನಿಗಿಂತ ಹೆಚ್ಚು ನಗುತ್ತಿದ್ದೇವೆ.

ಈಸ್ಟರ್ ಕಳೆದು ಎರಡನೆಯ ವಾರ. ಭಾನುವಾರ ರಾತ್ರಿ ಘಾಟಿಯಲ್ಲಿ ಬೇಸಗೆಯ ಮೊದಲ ಮಳೆ ಬಿದ್ದಿತ್ತು. ಸೋಮವಾರ ಬೆಳಿಗ್ಗೆ ಅವನು ತಂಗಿಯನ್ನು ಹಿಂದೆ ಕೂರಿಸಿಕೊಂಡು ಇಳಿಯುತ್ತಿದ್ದ. ಅರ್ಧ ಘಾಟಿ ಇಳಿದ ಮೇಲೆ ಒಂದು ತಿರುವಿನಲ್ಲಿ ಬ್ರೇಕು ಹಿಡಿದು ಗಾಡಿ ವಾಲಿಸಿದಾಗ ಹಿಂದಿನ ಚಕ್ರ ಹೊರಕ್ಕೆ ಜಾರಿತು. ಇಬ್ಬರೂ ಬಿದ್ದರು. ಗಾಡಿ ಜಾರಿ ಹೋಗಿ ತಡೆಗೋಡೆಗೆ ಬಡಿಯಿತು. ಹಿಂದೆ ಬರುತ್ತಿದ್ದ ಬಸ್ಸಿನ ಡ್ರೈವರಣ್ಣ ನಿಧಾನವಾಗಿ ಬರುತ್ತಿದ್ದುದರಿಂದ ಹತ್ತಡಿ ದೂರದಲ್ಲಿ ನಿಲ್ಲಿಸಲು ಆಯಿತು. ಇಬ್ಬರೂ ಹೆಲ್ಮೆಟ್ ಹಾಕಿದ್ದರು. ದೇವರಿಗೆ ಸ್ತೋತ್ರ.

ಅವನಿಗೆ ಮೊಣಕೈ, ಮೊಣಕಾಲು ತರಚಿತು. ತಂಗಿಯ ಎಡಗೈ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತು. ಆರು ವಾರ ಪ್ಲಾಸ್ಟರ್. ನಮ್ಮ ಗಾಯನ ಮಂಡಳಿಯ ಕೀಬೋರ್ಡ್ ಅವಳದು. ಆ ಆರು ವಾರ ಪೂಜೆಯಲ್ಲಿ ಕೀಬೋರ್ಡ್ ಮುಚ್ಚಿಯೇ ಇತ್ತು.

ಮೊದಲ ಸಲ ನೋಡಲು ಹೋದಾಗ ನಾವೇ ಅವನಿಗೆ ಬುದ್ಧಿ ಹೇಳಿ ಬಂದೆವು. ಮಳೆ ಬಿದ್ದ ರಸ್ತೆ, ನಿಧಾನ ಹೋಗಬಾರದಾ, ಹೊಸ ಟೈರು ಇದ್ದುದಕ್ಕೆ ಇಷ್ಟರಲ್ಲೇ ಉಳಿದೆ ಎಂದೆಲ್ಲ. ಅವನು ತಲೆ ಆಡಿಸಿದ. ಎರಡನೆಯ ಸಲ ಹೋದಾಗ ಅವನು ಮನೆಯಲ್ಲಿರಲಿಲ್ಲ. ಕಾಫಿ ಕೊಟ್ಟು ಕೂತ ಮೇಲೆ ತಂಗಿ ಹೇಳಿದಳು.

"ಅಣ್ಣ ಮೊದಲ್ನೇ ವಾರವೇ ಹೇಳಿದ್ದ. ಟೈರು ಹಾಕ್ಸಿದ ಮೇಲೆ ಗಾಡಿ ಬಾಲ ಆಡಿಸ್ತದೆ, ತಿರುವಲ್ಲಿ ಮುಂದಿನ ಚಕ್ರ ಒಂದ್ಕಡೆ ಹಿಂದಿನದು ಒಂದ್ಕಡೆ ಹೋದಂಗೆ ಆಯ್ತದೆ ಅಂತ. ಹೇಳಣ್ಣ ಅವ್ರಿಗೆ ಅಂದೆ. ಬಿಸ್ಲಲ್ಲಿ ಅರಿಸಿನ ಕಿತ್ತು ಕೊಡಿಸವ್ರೆ, ಹೆಂಗವ್ವ ಹೇಳದು ಅಂದ."

ನಮ್ಮಲ್ಲಿ ಯಾರಿಗೂ ಆ ಕಾಫಿ ಗಂಟಲಲ್ಲಿ ಇಳಿಯಲಿಲ್ಲ.

ಗಾಡಿಯನ್ನು ಚಾಮರಾಜನಗರಕ್ಕೆ ಒಯ್ದೆವು. ಅಲ್ಲಿ ಬಹಳ ವರ್ಷದಿಂದ ಬೈಕ್ ರಿಪೇರಿ ಮಾಡುವ ಒಬ್ಬ ಹಿರಿಯರಿದ್ದಾರೆ. ಅವರು ಹ್ಯಾಂಡಲ್ ನೋಡಿದರು, ಫೋರ್ಕ್ ನೋಡಿದರು, ಆಮೇಲೆ ಬಗ್ಗಿ ಎರಡು ಟೈರಿನ ಪಕ್ಕದಲ್ಲಿದ್ದ ಅಕ್ಷರ ಓದಿದರು. "ಇದನ್ನ ಯಾರು ಹಾಕ್ಸಿದ್ದು?" ಎಂದರು. ನಾವು ಎಂದೆವು. ಅವರು ಬೈಯಲಿಲ್ಲ. ನಮ್ಮನ್ನೂ ಬಗ್ಗಿಸಿ ಓದಿಸಿದರು.

ಮುಂದಿನ ಟೈರಿನ ಮೇಲೆ 110/70 ಆರ್ 17 ಎಂದಿತ್ತು. ನಾವು ತಂದಿದ್ದ ಹಿಂದಿನದರ ಮೇಲೆ 150/60-17. ಮುಂದಿನದರಲ್ಲಿ ನಡುವೆ 'ಆರ್' ಎಂಬ ಇಂಗ್ಲಿಷ್ ಅಕ್ಷರ. ಹಿಂದಿನದರಲ್ಲಿ ಆ ಜಾಗದಲ್ಲಿ ಒಂದು ಸಣ್ಣ ಅಡ್ಡಗೆರೆ. ಬಿಚ್ಚಿ ಎಸೆದಿದ್ದ ಬೋಳು ಟೈರಿನಲ್ಲೂ 'ಆರ್' ಇತ್ತು. ಅಂಗಡಿಯಲ್ಲಿ ನಾವು ತಮಿಳಿನಲ್ಲಿ ಕೇಳಿದ್ದು "ನೂತ್ತಿಯಂಬದು, ಅರುವದು, ಪದಿನೇಳು" ಎಂದು. ಮೂರು ಅಂಕಿ ಹೇಳಿದೆವು, ಅಕ್ಷರ ಬಿಟ್ಟೆವು. ಎರಡು ಬೆಲೆಯ ಟೈರು ತೋರಿಸಿದಾಗ ಎರಡು ಸಾವಿರದಷ್ಟು ಕಡಿಮೆ ಇದ್ದುದನ್ನು ಆರಿಸಿಕೊಂಡೆವು. ಅಳತೆ ಒಂದೇ ತಾನೇ ಎಂದುಕೊಂಡೆವು. ಅಂಗಡಿಯವರು ನಾವು ಕೇಳಿದ್ದನ್ನೇ ಕೊಟ್ಟರು.

ಆ ಅಕ್ಷರಕ್ಕೂ ಗೆರೆಗೂ ಏನು ವ್ಯತ್ಯಾಸ ಎಂಬುದನ್ನು ಹಿರಿಯರು ಹೇಳಿದಂತೆ, ನಾವು ಆಮೇಲೆ ಓದಿ ತಿಳಿದಂತೆ ಬರೆಯುತ್ತೇವೆ.

ಟೈರು ಬರೀ ರಬ್ಬರಲ್ಲ. ರಬ್ಬರಿನ ಒಳಗೆ ನೈಲಾನಿನಂಥ ಗಟ್ಟಿ ನೂಲಿನ ಪದರಗಳಿರುತ್ತವೆ. ಅಡ್ಡಗೆರೆ ಇರುವುದು ಬಯಾಸ್ ಟೈರು. ಇದರಲ್ಲಿ ಒಂದು ಪದರದ ನೂಲು ಒಂದು ಕಡೆಗೆ ಓರೆಯಾಗಿ ಹೋದರೆ ಅದರ ಮೇಲಿನ ಪದರದ ನೂಲು ಎದುರು ಕಡೆಗೆ ಓರೆಯಾಗಿರುತ್ತದೆ, ಕುಕ್ಕೆ ಹೆಣೆದ ಹಾಗೆ. ರಸ್ತೆಗೆ ತಾಗುವ ಭಾಗವೂ ಪಕ್ಕದ ಗೋಡೆಯೂ ಒಂದೇ ಹೆಣಿಗೆಯಲ್ಲಿ ಸೇರಿರುತ್ತವೆ. ಪಕ್ಕದ ಗೋಡೆ ಬಿಗಿ. ಭಾರ ಹೊರುತ್ತದೆ, ಕಲ್ಲು ಗುಂಡಿ ತಾಳುತ್ತದೆ, ಬೆಲೆಯೂ ಕಡಿಮೆ. ಆದರೆ ಪದರಗಳು ಒಂದಕ್ಕೊಂದು ತಿಕ್ಕುವುದರಿಂದ ಬೇಗ ಬಿಸಿಯಾಗುತ್ತದೆ. ನಮ್ಮ ಊರಿನ 100, 125 ಸಿಸಿ ಬೈಕುಗಳಲ್ಲಿ ಇರುವುದೆಲ್ಲ ಹೆಚ್ಚುಕಡಿಮೆ ಇದೇ. ಅಪ್ಪನ ಗಾಡಿಯ ಟೈರು ನೋಡಿ, 2.75-18 ಅಥವಾ 3.00-18 ಎಂಬಂತೆ ಗೆರೆಯೇ ಇರುತ್ತದೆ. ಅದು ಒಳ್ಳೆಯ ಟೈರೇ, ಆ ಗಾಡಿಗೆ ಸರಿಯಾದ ಟೈರೇ.

'ಆರ್' ಎಂದಿರುವುದು ರೇಡಿಯಲ್. ಇದರಲ್ಲಿ ನೂಲುಗಳು ರಿಮ್ಮಿನ ಈ ಅಂಚಿನಿಂದ ಆ ಅಂಚಿಗೆ ಅಡ್ಡಲಾಗಿ, ಬಿಲ್ಲಿನಂತೆ ಬಾಗಿ ಹೋಗುತ್ತವೆ. ಅದರ ಮೇಲೆ, ರಸ್ತೆಗೆ ತಾಗುವ ಭಾಗದ ಅಡಿಯಲ್ಲಿ, ಉಕ್ಕಿನ ತಂತಿಯದೋ ಬೇರೆ ಗಟ್ಟಿ ನೂಲಿನದೋ ಪಟ್ಟಿ ಸುತ್ತಿರುತ್ತಾರೆ. ಪಕ್ಕದ ಗೋಡೆ ಬೇರೆಯಾಗಿ ಬಾಗುತ್ತದೆ, ಮೇಲ್ಭಾಗ ಮಾತ್ರ ರಸ್ತೆಯ ಮೇಲೆ ಚಪ್ಪಟೆಯಾಗಿ ಕೂರುತ್ತದೆ. ಬಿಸಿ ಕಡಿಮೆ, ಹಿಡಿತ ಹೆಚ್ಚು ಸಮ. ಮಿಶೆಲಿನ್ ಎಂಬ ಫ್ರೆಂಚ್ ಕಂಪನಿ ಇದಕ್ಕೆ 1946ರಲ್ಲಿ ಪೇಟೆಂಟ್ ಪಡೆಯಿತು. ಮೊದಲು ಕಾರಿಗೆ ಬಂತು. ಬೈಕಿಗೆ ಬಂದದ್ದು 1980ರ ದಶಕದಲ್ಲಿ.

ನೇರ ರಸ್ತೆಯಲ್ಲಿ ಎರಡು ಬಗೆಯೂ ಉರುಳುತ್ತವೆ, ವ್ಯತ್ಯಾಸ ಅಷ್ಟಾಗಿ ಕಾಣದು. ಬೈಕು ತಿರುಗುವುದು ವಾಲುವುದರಿಂದ. ವಾಲಿದಾಗ ಎರಡು ಟೈರೂ ಬಾಗಬೇಕು, ಹಿಡಿಯಬೇಕು, ಸವಾರನ ಮಾತಿಗೆ ಒಂದೇ ಹೊತ್ತಿಗೆ ಓಗೊಡಬೇಕು. ಮುಂದೆ ರೇಡಿಯಲ್, ಹಿಂದೆ ಬಯಾಸ್ ಆದರೆ ಮುಂದಿನ ಚಕ್ರ ತಟ್ಟನೆ ತಿರುಗಿ ರಸ್ತೆ ಹಿಡಿಯುತ್ತದೆ, ಹಿಂದಿನದು ತನ್ನದೇ ರೀತಿಯಲ್ಲಿ, ಒಂದು ಕ್ಷಣ ತಡವಾಗಿ ಬರುತ್ತದೆ. ಇಳಿಜಾರಿನಲ್ಲಿ ಬ್ರೇಕು ಹಿಡಿದಾಗ ಭಾರವೆಲ್ಲ ಮುಂದಕ್ಕೆ ಹೋಗಿ ಹಿಂದಿನ ಚಕ್ರ ಹಗುರಾಗಿರುತ್ತದೆ. ಆಗಲೇ ಅದು ಹೊರಕ್ಕೆ ಜಾರಲು ನೋಡುತ್ತದೆ. ಅದಕ್ಕೇ ಮುಂದೆ ರೇಡಿಯಲ್, ಹಿಂದೆ ಬಯಾಸ್ ಹಾಕಲೇಬೇಡಿ ಎಂದು ತಿಳಿದವರು ಹೇಳುತ್ತಾರೆ. ನಾವು ಹಾಕಿಸಿದ್ದು ಅದನ್ನೇ.

ಹಿರಿಯರು ಅದನ್ನು ಹೀಗೆ ಹೇಳಿದರು: "ಎರಡು ಎತ್ತೂ ಒಳ್ಳೇವೇ ಕಣ್ರಪ್ಪ. ಒಂದರ ನಡೆ ಬಿರುಸು, ಇನ್ನೊಂದರದು ನಿಧಾನ. ಒಂದೇ ನೊಗಕ್ಕೆ ಕಟ್ಟಿ ಇಳಿಜಾರಲ್ಲಿ ಗಾಡಿ ಬಿಟ್ರೆ ನೆಟ್ಟಗೆ ಹೋಗುತ್ತಾ?"

ಹಾಗಾದರೆ ಬಿದ್ದದ್ದಕ್ಕೆ ಟೈರೇ ಕಾರಣವಾ ಎಂದು ಕೇಳಿದೆವು. ಅವರು ಪ್ರಾಮಾಣಿಕವಾಗಿ ಹೇಳಿದರು. ಮೊದಲ ಮಳೆಗೆ ರಸ್ತೆಯ ಮೇಲಿನ ಎಣ್ಣೆ, ಧೂಳು ಎದ್ದು ಜಾರುತ್ತದೆ. ಹಿಂದೆ ಒಬ್ಬರು ಕೂತಿದ್ದರು. ಬೇಗ ಹೋಗುತ್ತಿದ್ದನೋ ನಿಧಾನ ಹೋಗುತ್ತಿದ್ದನೋ ನೋಡಿದವರಿಲ್ಲ. ಸರಿಯಾದ ಟೈರಿದ್ದರೂ ಬೀಳುತ್ತಿದ್ದನೋ ಏನೋ, ಆಣೆ ಮಾಡಿ ಹೇಳಲಾಗದು. "ಆದ್ರೆ ಗಾಡಿ ಮೂರು ವಾರದಿಂದ ಅವನಿಗೆ ಹೇಳ್ತಾನೇ ಇತ್ತಲ್ಲ" ಎಂದರು. ಗಾಡಿ ಅವನಿಗೆ ಹೇಳುತ್ತಿತ್ತು. ಅವನು ನಮಗೆ ಹೇಳಲಾಗದೆ ಸುಮ್ಮನಿದ್ದ.

ನಮ್ಮಲ್ಲೊಬ್ಬನಿಗೆ ಸಂಶಯ ಬಂತು. ಅವನ ಅಣ್ಣನ ಯಮಹಾ ಎಫ್‌ಝಡ್ ಬೈಕಿನಲ್ಲಿ ಮುಂದೆ ಗೆರೆ, ಹಿಂದೆ 'ಆರ್' ಇದೆ, ಷೋರೂಮಿನಿಂದ ಬಂದದ್ದೇ ಹಾಗೆ. ಅದು ಬೆರಕೆ ಅಲ್ಲವಾ? ಬೆರಕೆಯೇ. ಯಮಹಾ ಕಂಪನಿ ಎಫ್‌ಝಡ್, ಆರ್15 ಬೈಕುಗಳಲ್ಲಿ ಮುಂದೆ ಬಯಾಸ್, ಹಿಂದೆ ರೇಡಿಯಲ್ ಹಾಕಿ ಕಳುಹಿಸಿದ್ದುಂಟು. ಆದರೆ ಅದು ನಮ್ಮದರ ತಿರುಗುಮುರುಗು. ಜೊತೆಗೆ ಆ ಗಾಡಿಯ ಚೌಕಟ್ಟು, ಸಸ್ಪೆನ್ಷನ್, ತೂಕ ಎಲ್ಲವನ್ನೂ ಆ ಜೋಡಿಗೆ ಹೊಂದಿಸಿ, ಓಡಿಸಿ ನೋಡಿ ಕಳುಹಿಸಿರುತ್ತಾರೆ. ಆ ಗಾಡಿಗೆ ಆ ಜೋಡಿಯೇ ಸರಿ. ಎಲ್ಲ ಟೈರೂ ಒಂದೇ ಬಗೆಯದಾಗಬೇಕು ಎಂಬುದು ನಿಯಮವಲ್ಲ. ಗಾಡಿ ಮಾಡಿದವರು ಯಾವ ಜೋಡಿ ಹೇಳಿದ್ದಾರೋ ಅದನ್ನು ಮೀರಬೇಡಿ ಎಂಬುದು ನಿಯಮ. ಅದು ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಇರುತ್ತದೆ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಇದನ್ನೆಲ್ಲ ಕೇಳಿಸಿಕೊಂಡ ಒಬ್ಬರು, "ನೋಡಿ, ಬೇರೆ ಬೇರೆ ಜಾತಿಯದು ಸೇರಿದರೆ ಹೀಗೇ" ಎಂದು ನಗೆಯಾಡಿದರು. ಆ ಮಾತು ನಮಗೆ ಹಿಡಿಸಲಿಲ್ಲ. ನಮ್ಮ ಧರ್ಮಕೇಂದ್ರದಲ್ಲಿ ಕನ್ನಡದವರಿದ್ದಾರೆ, ತಮಿಳಿನವರಿದ್ದಾರೆ. ಒಂದೇ ಪೂಜೆಯಲ್ಲಿ ಪ್ರವೇಶ ಗೀತೆ ಕನ್ನಡದಲ್ಲಿ, ಕಾಣಿಕೆ ಗೀತೆ ತಮಿಳಿನಲ್ಲಿ ಹಾಡುತ್ತೇವೆ. ಅದು ತಾನಾಗಿ ಆದದ್ದಲ್ಲ. ಯಾವ ಹಾಡು ಎಲ್ಲಿ, ಶ್ರುತಿ ಯಾವುದು ಎಂದು ಶನಿವಾರ ರಾತ್ರಿ ಕೂತು ಮಾತಾಡಿಕೊಳ್ಳುತ್ತೇವೆ. ಬೇರೆ ಬೇರೆಯಾದದ್ದು ಸೇರಬಹುದು. ಒಬ್ಬರನ್ನೊಬ್ಬರು ಕೇಳಿಕೊಂಡು ಸೇರಬೇಕು. ಟೈರಿನ ವಿಷಯದಲ್ಲಿ ನಾವು ಕೇಳಲಿಲ್ಲ, ಅಷ್ಟೇ.

ಹಳೆಯ ಬಟ್ಟೆಗೆ ಹೊಸ ಬಟ್ಟೆಯ ತೇಪೆ ಹಾಕಿದರೆ ಹರಿದದ್ದು ಇನ್ನೂ ಹೆಚ್ಚುತ್ತದೆ ಎಂಬ ಪ್ರಭುವಿನ ಸಾಮತಿಯನ್ನು ಎಷ್ಟೋ ಸಲ ಓದಿದ್ದೇವೆ. ನಮ್ಮ ಟೈರು ಅಂಥ ತೇಪೆ. ತೇಪೆ ಹಾಕುವವರ ಮನಸ್ಸು ಒಳ್ಳೆಯದಿದ್ದರೆ ಸಾಲದು, ಬಟ್ಟೆಯನ್ನೂ ನೋಡಬೇಕು.

ಮುಂದೆ ಆದದ್ದನ್ನು ಹೇಳಿಬಿಡುತ್ತೇವೆ. ನಾವು ಒಂಬತ್ತೂ ಜನ ಅವನ ಮನೆಗೆ ಹೋಗಿ ಅವನಲ್ಲೂ ತಂಗಿಯಲ್ಲೂ ಅಮ್ಮನಲ್ಲೂ ಕ್ಷಮೆ ಕೇಳಿದೆವು. ಅವನು ಮುಜುಗರಪಟ್ಟುಕೊಂಡ. "ನೀವು ಕೊಟ್ಟದ್ದು ಅಂತ ನಾನೇ ಬಾಯಿ ಬಿಡ್ಲಿಲ್ಲ, ನಂದೂ ತಪ್ಪು" ಎಂದ. ಈ ಸಲ ಟೈರನ್ನು ಅವನೇ ಆರಿಸಿದ. ಮುಂದಿನದಕ್ಕೆ ಹೊಂದುವ ರೇಡಿಯಲ್. ಹಳೆಯದನ್ನು ಅಂಗಡಿಯವರು ಅರ್ಧ ಬೆಲೆಗೆ ವಾಪಸ್ ತೆಗೆದುಕೊಂಡರು. ಉಳಿದ ಹಣದಲ್ಲಿ ಅರ್ಧ ತಾನೇ ಕೊಡುತ್ತೇನೆ ಎಂದು ಹಟ ಹಿಡಿದ, ಒಪ್ಪಿದೆವು. ಹಾರ ಹಾಕಲಿಲ್ಲ, ಫೋಟೊ ತೆಗೆಯಲಿಲ್ಲ. ಹಾಕಿಸಿದ ಮರುದಿನ ಅವನು ಘಾಟಿ ಇಳಿದು ಬಣ್ಣಾರಿಯಿಂದ ಫೋನ್ ಮಾಡಿದ. "ಬಾಲ ಆಡಿಸ್ಲಿಲ್ಲ" ಎಂದ.

ಅದಾದ ಮೇಲೆ ಒಂದು ಭಾನುವಾರ ಪೂಜೆ ಮುಗಿದ ಮೇಲೆ ಅಂಗಳದಲ್ಲಿದ್ದ ಬೈಕುಗಳ ಟೈರನ್ನೆಲ್ಲ ನೋಡಿದೆವು. ನಿಮ್ಮ ಧರ್ಮಕೇಂದ್ರದ ಯುವಕರೂ ಮಾಡಬಹುದು, ಅರ್ಧ ಗಂಟೆಯ ಕೆಲಸ. ನಾವು ನೋಡಿದ್ದು ಇಷ್ಟು:

ಮೊದಲನೆಯದು, ಮುಂದಿನ, ಹಿಂದಿನ ಟೈರಿನಲ್ಲಿ ಅಂಕಿಗಳ ನಡುವೆ 'ಆರ್' ಇದೆಯೋ ಗೆರೆ ಇದೆಯೋ ಎಂದು ಓದಿ ಗಾಡಿಯ ಪುಸ್ತಕದ ಜೊತೆ ಹೋಲಿಸುವುದು. ಕೆಲವು ಬಯಾಸ್ ಟೈರುಗಳಲ್ಲಿ ಗೆರೆಯ ಬದಲು 'ಬಿ' ಅಕ್ಷರ ಇರುತ್ತದೆ. ಅದು ಬೆಲ್ಟ್ ಸುತ್ತಿದ ಬಯಾಸ್, ರೇಡಿಯಲ್ ಅಲ್ಲ. ಟ್ಯೂಬ್‌ಲೆಸ್ ಎಂದು ಬರೆದಿದ್ದರೆ ರೇಡಿಯಲ್ ಎಂದುಕೊಳ್ಳಬೇಡಿ. ಟ್ಯೂಬ್ ಇರುವುದು ಇಲ್ಲದಿರುವುದು ಬೇರೆ ವಿಷಯ, ಬಯಾಸ್ ಟೈರೂ ಟ್ಯೂಬ್‌ಲೆಸ್ ಆಗಿರಬಹುದು. ನಮ್ಮಲ್ಲಿ ಹೆಚ್ಚಿನವರು ಎಡವಿದ್ದು ಇಲ್ಲೇ.

ಎರಡನೆಯದು, ಅಳತೆಯ ನಂತರ ಬರುವ ಅಂಕಿ ಮತ್ತು ಅಕ್ಷರ. ಉದಾಹರಣೆಗೆ 66 ಎಚ್. 66 ಎಂದರೆ ಆ ಟೈರು 300 ಕಿಲೊ ಭಾರ ತಾಳುತ್ತದೆ, ಎಚ್ ಎಂದರೆ ಗಂಟೆಗೆ 210 ಕಿಲೊಮೀಟರ್ ವೇಗದವರೆಗೆ ಎಂದು. ಹೊಸದು ಹಳೆಯದಕ್ಕಿಂತ ಕಡಿಮೆ ಇರಬಾರದು.

ಮೂರನೆಯದು, ಟೈರು ಹುಟ್ಟಿದ ದಿನ. ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ರ 23ನೆಯ ವಾರ ತಯಾರಾದದ್ದು. ಗೆರೆ ಚೆನ್ನಾಗಿದ್ದರೂ ರಬ್ಬರ್ ಹಳತಾಗಿ ಬಿರುಕು ಬಿಟ್ಟಿರಬಹುದು.

ನಾಲ್ಕನೆಯದು, ತಿರುಗುವ ದಿಕ್ಕಿನ ಬಾಣ ಮತ್ತು ಗಾಳಿ. ಗಾಳಿಯನ್ನು ಗಾಡಿ ಓಡಿಸುವ ಮೊದಲು, ಟೈರು ತಣ್ಣಗಿರುವಾಗ ನೋಡಬೇಕು. ಇನ್ನು ಹೊಸ ಟೈರು ಹಾಕಿಸಿದವರು ಮೊದಲ 150–200 ಕಿಲೊಮೀಟರ್ ನಿಧಾನವಾಗಿ ಹೋಗಿ. ಹೊಸ ರಬ್ಬರಿನ ಮೇಲಿನ ನುಣುಪು ಹೋಗುವವರೆಗೆ ಹಿಡಿತ ಪೂರ್ತಿ ಬಂದಿರುವುದಿಲ್ಲ.

ಅಷ್ಟು ಬೈಕು ನೋಡಿದರೂ ಜೋಡಿ ತಪ್ಪಿದ್ದು ಬೇರೆ ಯಾವುದೂ ಸಿಗಲಿಲ್ಲ. ಇಡೀ ಅಂಗಳದಲ್ಲಿ ಜೋಡಿ ತಪ್ಪಿಸಿದ್ದವರು ನಾವೊಬ್ಬರೇ.

ಕೊನೆಗೆ ಒಂದು ಮಾತು. ಮಾರ್ಕನ ಶುಭಸಂದೇಶದ 10ನೆಯ ಅಧ್ಯಾಯದಲ್ಲಿ ಬಾರ್ತಿಮಾಯನ ಪ್ರಸಂಗವಿದೆ. ಜೆರಿಕೊದ ದಾರಿ ಬದಿಯಲ್ಲಿ ಕೂತು ಭಿಕ್ಷೆ ಬೇಡುತ್ತಿದ್ದ ಕುರುಡ. ಅವನಿಗೆ ಏನು ಬೇಕೆಂದು ನೋಡಿದ ಯಾರಿಗಾದರೂ ಗೊತ್ತಾಗುತ್ತಿತ್ತು. ಆದರೂ ಪ್ರಭು ಅವನನ್ನು ಹತ್ತಿರ ಕರೆಸಿಕೊಂಡು, ನಿನಗೆ ನಾನೇನು ಮಾಡಬೇಕು ಎಂದು ಅವನನ್ನೇ ಕೇಳಿದರು. ಅವನ ಬಾಯಿಂದ ಉತ್ತರ ಬಂದ ಮೇಲೆ ಕಣ್ಣು ಕೊಟ್ಟರು. ಎಲ್ಲ ಬಲ್ಲ ದೇವರ ಮಗ ಕೇಳಿದರು. ಮೂರು ಅಂಕಿ ಬಲ್ಲ ನಾವು ಕೇಳಲಿಲ್ಲ. ಅವನಿಗೆ ಅಚ್ಚರಿ ಕೊಡುವ ಸಂತೋಷ ನಮಗೆ ಬೇಕಾಗಿತ್ತು. "ಯಾವ ಟೈರು ತರೋಣ?" ಎಂದು ಒಂದು ಮಾತು ಕೇಳಿದ್ದರೆ ಅವನು 'ಆರ್' ಎಂದು ಹೇಳುತ್ತಿದ್ದ. ಮಾವ ಅವನಿಗೆ ಮೊದಲೇ ಹೇಳಿಕೊಟ್ಟಿದ್ದರಂತೆ.

ಕೊಟ್ಟ ಮೇಲೂ ಕೇಳಬಹುದಿತ್ತು. ಗಾಡಿ ಹೇಗಿದೆ, ಸರಿಹೋಯ್ತಾ ಎಂದು. ನಾವು ಕೇಳಿದ್ದು "ಖುಷಿ ಆಯ್ತಾ?" ಎಂದು. ಆ ಪ್ರಶ್ನೆಗೆ ಹೌದು ಎನ್ನದೆ ಬೇರೆ ಉತ್ತರ ಅವನಿಗೆಲ್ಲಿತ್ತು?

ಈಗ ನಮ್ಮ ಸಂಘದಲ್ಲಿ ಒಂದು ರೂಢಿ ಮಾಡಿಕೊಂಡಿದ್ದೇವೆ. ಯಾರಿಗಾದರೂ ಏನಾದರೂ ಕೊಡುವ ಮೊದಲು ಒಬ್ಬರು ಹೋಗಿ ಏನು ಬೇಕು ಎಂದು ಕೇಳಿ ಬರಬೇಕು. ಕೊಟ್ಟು ಎರಡು ವಾರವಾದ ಮೇಲೆ ಮತ್ತೊಬ್ಬರು ಹೋಗಿ, ಸರಿಯಿಲ್ಲದಿದ್ದರೆ ಹೇಳಿ, ಬೇಜಾರಿಲ್ಲ ಎಂದು ಕೇಳಿ ಬರಬೇಕು. ನಿಮಗೆ ಯಾರಾದರೂ ಪ್ರೀತಿಯಿಂದ ಕೊಟ್ಟದ್ದು ಹೊಂದದಿದ್ದರೆ ನೀವೂ ಹೇಳಿಬಿಡಿ. ಕೊಟ್ಟವರಿಗೆ ಒಂದು ದಿನ ಮುಖ ಸಣ್ಣದಾದೀತು. ಘಾಟಿಯಲ್ಲಿ ಬೀಳುವುದಕ್ಕಿಂತ ಅದೇ ಮೇಲು.

ತಂಗಿಯ ಕೈ ವಾಸಿಯಾಗಿದೆ. ಪ್ಲಾಸ್ಟರ್ ಬಿಚ್ಚಿದ ನಂತರದ ಭಾನುವಾರ ಅವಳು ಕೀಬೋರ್ಡಿನ ಮುಂದೆ ಕೂತಳು. ಎಡಗೈ ಇನ್ನೂ ಸ್ವಲ್ಪ ನಿಧಾನ ಇತ್ತು. ಅಣ್ಣ ತಬಲದ ಲಯವನ್ನು ಅವಳ ಕೈಗೆ ತಕ್ಕಂತೆ ಇಳಿಸಿಕೊಂಡ. ನಾವೆಲ್ಲ ಅದೇ ಲಯಕ್ಕೆ ಹಾಡಿದೆವು.

ಸೋಮವಾರ ಬೆಳಿಗ್ಗೆ ಘಾಟಿ ಇಳಿಯುವ ಎಲ್ಲರನ್ನೂ ಪ್ರಭು ಕಾಪಾಡಲಿ. ಗಾಡಿ ಹತ್ತುವ ಮೊದಲು ಒಮ್ಮೆ ಬಗ್ಗಿ ಟೈರಿನ ಮೇಲೆ ಬರೆದದ್ದನ್ನು ಓದಿ.

ಪ್ರೀತಿಯಿಂದ,
ನಿಮ್ಮ ಯುವಕ ಸಂಘದ ಗೆಳೆಯರು